‘ಗುಪ್ತಚರ ಮೂಲಗಳ ಪ್ರಕಾರ’: ಹಾಸನದಲ್ಲಿ ಕೂತು ಗುಪ್ತಚರ ಸಂಸ್ಥೆಗಳ ಬಗ್ಗೆ ಬರೆಯೋ ಬೀಟ್ ಮಾಡಿದ್ದು

ಹಾಸನದ ಡಿಸಿ ಆಫೀಸ್ ಮುಂದೆ ಯಾವ ಪ್ರತಿಭಟನೆ ನಡೆದ್ರೂ ಅಲ್ಲೊಬ್ರು ನಿಂತಿರ್ತಾರೆ. ಸಾದಾ ಪ್ಯಾಂಟು, ಇನ್ ಮಾಡದ ಶರ್ಟು, ಜೇಬಲ್ಲಿ ಮಡಚಿದ ಸಣ್ಣ ಪುಸ್ತಕ, ಆದ್ರೆ ಕಟಿಂಗು ಮತ್ತೆ ಶೂ ನೋಡಿದ್ರೆ ಯಾರು ಅಂತ ಎಲ್ರಿಗೂ ಗೊತ್ತಾಗುತ್ತೆ. ಯಾರು ಭಾಷಣ ಮಾಡಿದ್ರು, ಯಾವ ತಾಲೂಕಿಂದ ಎಷ್ಟು ಗಾಡಿ ಬಂತು, ಯಾವ ಮಂತ್ರಿ ಹೆಸರು ಹಿಡ್ದು ಬೈದ್ರು, ಎಲ್ಲ ಬರ್ಕೊಳ್ತಾರೆ. ಇವ್ರು ಡಿಎಸ್‌ಬಿಯವ್ರು, ಅಂದ್ರೆ ಜಿಲ್ಲಾ ವಿಶೇಷ ಶಾಖೆ, ಎಸ್ಪಿಗೆ ರಿಪೋರ್ಟ್ ಕೊಡೋರು. ರಾಜ್ಯ ಗುಪ್ತವಾರ್ತೆಯವ್ರು ಬೇರೆ, ಅವರ ವರದಿ ಬೆಂಗಳೂರಿಗೆ ಹೋಗುತ್ತೆ, ಐಬಿ ಅಂದ್ರೆ ಇಂಟೆಲಿಜೆನ್ಸ್ ಬ್ಯೂರೋ ಇನ್ನೂ ಬೇರೆ, ಅದು ಕೇಂದ್ರದ್ದು. ನಾನು ಜಿಲ್ಲಾ ರಿಪೋರ್ಟರ್ ಆಗಿ ಶುರು ಮಾಡಿದಾಗ ಈ ಮೂರಕ್ಕಿರೋ ವ್ಯತ್ಯಾಸ ಡೆಸ್ಕಲ್ಲಿ ಕೂತೋರಿಗೂ ಬೇಕಿರ್ಲಿಲ್ಲ, ಯಾರು ಏನೇ ಹೇಳಿದ್ರೂ ‘ಗುಪ್ತಚರ ಮೂಲಗಳು’ ಅಂತ ಹಾಕಿದ್ರೆ ಸುದ್ದಿಗೊಂದು ಗತ್ತು ಬರ್ತಿತ್ತು.

ಈ ಡಿಎಸ್‌ಬಿಯವರಿಗೂ ನಮಗೂ ಒಂಥರಾ ದೋಸ್ತಿ. ಪ್ರತಿಭಟನೆ ಮುಗಿದ ಮೇಲೆ ಟೀ ಅಂಗಡೀಲಿ "ಸಾರ್ ಎಷ್ಟು ಜನ ಅಂತ ಬರೀತೀರಾ? ಸಂಘಟಕರು ಐದು ಸಾವಿರ ಅಂತಾರೆ, ನನ್ಗೇನೋ ಎಂಟ್ನೂರು ಅನ್ಸುತ್ತೆ" ಅಂತ ಕೇಳೋರು. ಯಾರೋ ಒಬ್ಬ ರಿಪೋರ್ಟರ್ "ಸಾವಿರ ಹಾಕೊಳಿ ಬಿಡಿ" ಅನ್ನೋನು. ಅವರ ವರದೀಲಿ ಸಾವಿರ, ಮಾರನೇ ದಿನ ಪೇಪರಲ್ಲಿ "ಪೊಲೀಸ್ ಮೂಲಗಳ ಪ್ರಕಾರ ಸಾವಿರಕ್ಕೂ ಹೆಚ್ಚು ಮಂದಿ", ಆ ಪೇಪರ್ ಕಟಿಂಗೇ ಅವರ ಫೈಲಿಗೆ ಸಾಕ್ಷಿ. ಒಂದು ಅಂದಾಜು ಟೀ ಅಂಗಡೀಲಿ ಹುಟ್ಟಿ ಎರಡು ಕಡೆಯಿಂದ ದೃಢಪಟ್ಟ ಮಾಹಿತಿ ಆಗೋಯ್ತು. ಗಾಣದ ಎತ್ತು ಸುತ್ತಿದ ಹಾಗೆ ಸುತ್ತಿ ಅದೇ ಜಾಗಕ್ಕೆ ಬರುತ್ತೆ. ಮುಂದೆ ನಾನು ದೇಶ ವಿದೇಶದ ಗುಪ್ತಚರ ಸಂಸ್ಥೆಗಳ ಬಗ್ಗೆ ಓದಿ ಬರೆದಾಗ್ಲೂ ಮತ್ತೆ ಮತ್ತೆ ಸಿಕ್ಕಿದ್ದು ಇದೇ ಸುತ್ತು, ದೊಡ್ಡ ದೊಡ್ಡ ಜನ, ದೊಡ್ಡ ದೊಡ್ಡ ಪೇಪರು, ಅಷ್ಟೇ ವ್ಯತ್ಯಾಸ.

2003ರಿಂದ 2005ರ ಕಾಲಕ್ಕೆ ಪಕ್ಕದ ಚಿಕ್ಕಮಗಳೂರು ಜಿಲ್ಲೆ ದಿನಾ ಸುದ್ದೀಲಿತ್ತು. ಕುದುರೆಮುಖ ನ್ಯಾಷನಲ್ ಪಾರ್ಕು, ಒಕ್ಕಲೆಬ್ಬಿಸೋ ಗಲಾಟೆ, ನಕ್ಸಲರು, ಕೂಂಬಿಂಗು. 2005ರ ಫೆಬ್ರವರಿ 6ಕ್ಕೆ ಮೆಣಸಿನಹಾಡ್ಯ ಹತ್ರದ ಬಳಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಲ್ಲಿ ಸತ್ರು. ಆತ ಕೂಡ ದೆಹಲೀಲಿ ಪತ್ರಿಕೋದ್ಯಮ ಓದಿದ್ದವರು, ಈ ವಿಷಯ ಆಗ ನಮ್ಮ ರಿಪೋರ್ಟರ್ ಗ್ಯಾಂಗಲ್ಲಿ ಬಹಳ ಚರ್ಚೆ ಆಯ್ತು. ಅವತ್ತಿನ ಪೇಪರುಗಳನ್ನ ತೆಗೆದು ನೋಡಿ, ವಾರಕ್ಕೊಂದು ಸಲ ಆದ್ರೂ "ಗುಪ್ತಚರ ಮೂಲಗಳ ಪ್ರಕಾರ" ತಂಡ ಆ ಕಾಡಿಂದ ಈ ಕಾಡಿಗೆ ಬಂದಿದೆ ಅಂತ ಸುದ್ದಿ, ಸಕಲೇಶಪುರ ಘಾಟಿ ಕಡೆ ಯಾರಾದ್ರೂ ಬ್ಯಾಗ್ ಹಾಕ್ಕೊಂಡು ಟ್ರೆಕ್ಕಿಂಗ್ ಬಂದ್ರೂ ಊರವ್ರು ಫೋನ್ ಮಾಡೋರು. ಕಾಡೊಳಗಿನ ಒಂಟಿ ಮನೆಯವರ ಪಾಡು ಕೇಳ್ಬೇಡಿ. ಪೊಲೀಸರ ಜೊತೆ ಮಾತಾಡಿದ್ರೆ ಇನ್ಫಾರ್ಮರ್, ರಾತ್ರಿ ಬಂದೋರಿಗೆ ಅನ್ನ ಹಾಕಿದ್ರೆ ನಕ್ಸಲ್ ಬೆಂಬಲಿಗ. ಇನ್ಫಾರ್ಮರ್ ಅಂತ ಹಣೆಪಟ್ಟಿ ಕಟ್ಟಿ ನಕ್ಸಲರು ಸ್ಥಳೀಯರನ್ನೇ ಕೊಂದಿದ್ದೂ ನಡೀತು. ಗುಪ್ತಚರ ಅಂದ್ರೆ ಕೋಟು ಕೂಲಿಂಗ್ ಗ್ಲಾಸು ಅನ್ನೋ ಭ್ರಮೆ ನನಗೆ ಬಿಟ್ಟಿದ್ದು ಅಲ್ಲಿ. ಅದು ತುಂಬ ಸಲ ಒಬ್ಬ ಬಡವನ ಬಾಯಿಂದ ಇನ್ನೊಬ್ಬ ಬಡವನ ಬಗ್ಗೆ ಬರೋ ಮಾತು, ಅದಕ್ಕೆ ಇಬ್ಬರಲ್ಲಿ ಒಬ್ಬ ಬೆಲೆ ತೆರ್ತಾನೆ. ಆವಾಗಿಂದ ನನ್ನದೊಂದು ರೂಲ್ ಆಯ್ತು, ಯಾರ ಮನೆಗೆ ಹೋಗಿದ್ದೆ, ದಾರಿ ಯಾವುದು, ಮನೆ ಹೆಂಚಿಂದೋ ಶೀಟಿಂದೋ ಏನೂ ಬರೆಯಲ್ಲ, ಡೆಸ್ಕಿನವರು "ಸ್ವಲ್ಪ ಕಲರ್ ಹಾಕ್ರಿ" ಅಂತ ಎಷ್ಟೇ ಹೇಳಿದ್ರೂನೂ.

ಇಷ್ಟು ಜಿಲ್ಲಾ ಮಟ್ಟದ್ದು. ಇಲ್ಲಿಂದ ಇಸ್ರೋ ಕೇಸಿಗೆ ಹೋಗಿದ್ದು ಹಾಸನದ ಕಾರಣಕ್ಕೇ. ನಮ್ಮೂರಲ್ಲಿ ಸಾಲಗಾಮೆ ರಸ್ತೇಲಿ ಇಸ್ರೋದ ಎಂಸಿಎಫ್ ಅನ್ನೋ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, 1982ರಲ್ಲಿ ಇನ್ಸಾಟ್ ಕಾಲದಲ್ಲಿ ಶುರುವಾಗಿದ್ದು, ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಜಾಗ ಬಿಟ್ಟು ಅಲ್ಲಾಡದ ಹಾಗೆ ಇಲ್ಲಿಂದ ನೋಡ್ಕೋತಾರೆ. ಆ ದೊಡ್ಡ ಡಿಶ್‌ಗಳನ್ನ ನೋಡ್ಕೊಂಡೇ ನಾವು ಬೆಳೆದಿದ್ದು. 1994ರ ಕೊನೇಲಿ ತಿರುವನಂತಪುರದ ಇಸ್ರೋ ವಿಜ್ಞಾನಿಗಳ ಮೇಲಿನ ಗೂಢಚಾರ ಪ್ರಕರಣ ಪೇಪರಲ್ಲಿ ಬಂದಾಗ ಹಾಸನದ ಇಸ್ರೋದವರ ಮುಖಾನೂ ಜನ ಒಂಥರಾ ನೋಡೋಕೆ ಶುರು ಮಾಡಿದ್ರು. ಬಾಡಿಗೆ ಮನೆ ಓನರು, ತರಕಾರಿ ಅಂಗಡಿಯವನು, ಎಲ್ಲರೂ "ಏನ್ ಸಾರ್ ನಿಮ್ಮಲ್ಲಿ ಹಂಗಂತೆ" ಅಂತ. ಕೇರಳದ ಕೇಸಿಗೂ ಇಲ್ಲಿಯವರಿಗೂ ಏನೇನೂ ಸಂಬಂಧ ಇಲ್ಲ.

2018ರ ಸೆಪ್ಟೆಂಬರ್ 14ಕ್ಕೆ ಸುಪ್ರೀಂ ಕೋರ್ಟು ಆ ಕೇಸಲ್ಲಿ ಸಿಕ್ಕಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಾಗ ಒಂದು ಪೇಜ್ ಬರೀರಿ ಅಂತ ನನ್ಗೆ ಫೋನ್ ಬಂತು. ಏಜೆನ್ಸಿ ಕಾಪಿ ಇಟ್ಕೊಂಡು ಬರೆದ್ರೆ ಸಂಜೆಗೇ ಮುಗೀತಿತ್ತು. ನಾನು ತೀರ್ಪನ್ನೇ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿ ಓದಿದೆ, ಆಮೇಲೆ ಹಳೇ ಪೇಪರ್ ಹುಡುಕ್ಕೊಂಡು ಬೆಂಗಳೂರಿಗೆ ಹೋದೆ. ಒಂದು ಲಾಂಗ್ ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಗೆರೆ ಎಳೆದೆ: ಪೇಪರಲ್ಲಿ ಏನಂತ ಬಂತು, ಯಾರು ಹೇಳಿದ್ರು ಅಂತ ಬಂತು, ಯಾವ ದಿನ, ಕೊನೆಗೆ ಅದು ಏನಾಯ್ತು. ಎರಡನೇ ಕಾಲಂ ತುಂಬಿಸೋಕೆ ಕೂತಾಗ ಗೊತ್ತಾಯ್ತು, ಅಲ್ಲಿ ಹೆಸರೇ ಇಲ್ಲ. "ಉನ್ನತ ಮೂಲಗಳು", "ತನಿಖೆಗೆ ಹತ್ತಿರದವರು", "ಮೂಲಗಳು", "ತಿಳಿದುಬಂದಿದೆ". ‘ತಿಳಿದುಬಂದಿದೆ’ ಅಂದ್ರೆ ಎಲ್ಲಿಂದ ಬಂತಪ್ಪ? ಒಂದು ಪೇಪರು ಇನ್ನೊಂದು ಪೇಪರನ್ನ ನೋಡಿ ಬರೆದಿದೆ, ಆ ಇನ್ನೊಂದು ಪೇಪರಿಗೆ ಹೇಳಿದವನು ಮೊದಲನೇದನ್ನ ಓದಿದಾನೆ.

ಕೇಸಿನ ಸಾರಾಂಶ ತುಂಬ ಜನಕ್ಕೆ ಗೊತ್ತು, ಆದ್ರೂ ಒಂದ್ಸಲ ಹೇಳ್ತೀನಿ. 1994ರ ಅಕ್ಟೋಬರಲ್ಲಿ ಮಾಲ್ಡೀವ್ಸ್‌ನ ಮರಿಯಂ ರಶೀದಾ ಅನ್ನೋರನ್ನ ವೀಸಾ ಮುಗಿದ್ಮೇಲೂ ಉಳ್ಕೊಂಡಿದಾರೆ ಅಂತ ಹಿಡಿದ್ರು, ಅಲ್ಲಿಂದ ಕಥೆ ಬೆಳೆದು ನವೆಂಬರ್ 30ಕ್ಕೆ ನಂಬಿ ನಾರಾಯಣನ್ ಬಂಧನ, ಕ್ರಯೋಜೆನಿಕ್ ಎಂಜಿನ್, ಅಂದ್ರೆ ಅತಿ ತಣ್ಣಗಿನ ದ್ರವ ಇಂಧನದ ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಪಾಕಿಸ್ತಾನಕ್ಕೆ ಮಾರಿದ್ರು ಅನ್ನೋ ಆರೋಪ. 1996ರಲ್ಲಿ ಸಿಬಿಐ ಇದರಲ್ಲಿ ಏನೂ ಇಲ್ಲ ಅಂತ ಮುಚ್ಚುವ ವರದಿ ಕೊಡ್ತು. ಈಗ ಯಾರಾದ್ರೂ ಕೇಳಬಹುದಾಗಿದ್ದ ಒಂದು ಸಿಂಪಲ್ ಪ್ರಶ್ನೆ ನೋಡಿ, ಆ ತಂತ್ರಜ್ಞಾನ ನಮ್ಮತ್ರ ಆಗ ಇತ್ತಾ? ಅಮೆರಿಕದ ಒತ್ತಡಕ್ಕೆ ರಷ್ಯಾ ಕ್ರಯೋಜೆನಿಕ್ ತಂತ್ರಜ್ಞಾನ ಕೊಡಲ್ಲ ಅಂತ ಹಿಂದೆ ಸರಿದಿದ್ದು 1993ರಲ್ಲಿ, ನಮ್ಮದೇ ಕ್ರಯೋ ಎಂಜಿನ್ ಇಟ್ಟು ಜಿಎಸ್‌ಎಲ್‌ವಿ ರಾಕೆಟ್ ಸಕ್ಸಸ್ ಆಗಿದ್ದು 2014ರ ಜನವರಿ 5ಕ್ಕೆ. ಅವತ್ತು ಮೇಲೆ ಹೋದ ಜಿಸ್ಯಾಟ್-14 ಉಪಗ್ರಹನ ಕಕ್ಷೆಗೆ ಸೇರಿಸೋ ಕೆಲಸ ಹಾಸನದಿಂದಲೇ ನಡೀತು. ಇಲ್ಲದ ಸಾಮಾನು ಮಾರಿದ್ದು ಹೇಗೆ ಅಂತ 1994ರಲ್ಲಿ ಒಬ್ಬ ರಿಪೋರ್ಟರ್ ಇಸ್ರೋದ ವಾರ್ಷಿಕ ವರದಿ ತೆಗೆದು ನೋಡಿದ್ರೂ ಸಾಕಿತ್ತು. ಮಹಿಳೆ ಇದಾರೆ, ವಿದೇಶಿ ಇದಾರೆ, ರಾಕೆಟ್ ಇದೆ, ಇನ್ನೇನು ಬೇಕು, ಪೇಪರುಗಳಿಗೆ ಹಬ್ಬ. ಬೆಂಗಳೂರಲ್ಲಿದ್ದ ಕೆ. ಚಂದ್ರಶೇಖರ್ ಅಂತ, ರಷ್ಯಾದ ಗ್ಲಾವ್‌ಕಾಸ್ಮಾಸ್ ಕಂಪನಿಯ ಪ್ರತಿನಿಧಿ ಆಗಿದ್ದವರು, ಅವರನ್ನೂ ಇದೇ ಕೇಸಲ್ಲಿ ಸಿಕ್ಕಿಸಿದ್ರು. 2018ರ ತೀರ್ಪು ಬಂದ ಕೆಲವೇ ದಿನದಲ್ಲಿ ಅವರು ತೀರ್ಕೊಂಡ್ರು, ಕೋಮಾದಲ್ಲಿದ್ದ ಕಾರಣ ತೀರ್ಪಿನ ವಿಷಯ ಅವರಿಗೆ ಮುಟ್ಟಲೇ ಇಲ್ಲ. ಕನ್ನಡ ಪೇಪರುಗಳಲ್ಲಿ ಇದು ಎಲ್ಲೋ ಸಿಂಗಲ್ ಕಾಲಂ.

ಆ ಲೇಖನ ಆದ್ಮೇಲೆ ನನಗೆ ಈ ಹುಚ್ಚು ಹಿಡೀತು. ಮನೆಯವಳು "ಇದ್ದಬದ್ದ ಕೇಸೆಲ್ಲ ಬಿಟ್ಟು ಇದೇ ಬೇಕಿತ್ತಾ ನಿಮ್ಗೆ" ಅಂತ ಈಗ್ಲೂ ಅಂತಾಳೆ.

ಮೊದಲು ಕಲಿತಿದ್ದು ಕಾನೂನು. ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್ ಅಂದ್ರೆ ಅಧಿಕೃತ ರಹಸ್ಯ ಕಾಯ್ದೆ, 1923ರದ್ದು, ಬ್ರಿಟಿಷರು ಬಿಟ್ಟು ಹೋಗಿದ್ದು ಇನ್ನೂ ಜಾರೀಲಿದೆ. ಇದರ ಸೆಕ್ಷನ್ 5ರಲ್ಲಿ ಕೊಟ್ಟವನಷ್ಟೇ ಅಲ್ಲ, ತಗೊಂಡವನೂ ಸಿಕ್ಕಿಬೀಳ್ತಾನೆ. ಹಾಗಾಗಿ ಯಾರಾದ್ರೂ ‘ಸೀಕ್ರೆಟ್’ ಸೀಲ್ ಇರೋ ಪೇಪರ್ ವಾಟ್ಸಾಪಲ್ಲಿ ಕಳಿಸಿದ್ರೆ ಖುಷಿ ಪಡೋ ಮೊದಲು ವಕೀಲರಿಗೆ ಫೋನ್ ಮಾಡ್ಬೇಕು. ಪತ್ರಕರ್ತ ಇಫ್ತಿಕಾರ್ ಗೀಲಾನಿ ಕೇಸು ಪ್ರತಿ ರಿಪೋರ್ಟರೂ ಓದ್ಬೇಕು, 2002ರ ಜೂನಲ್ಲಿ ದೆಹಲೀಲಿ ಅರೆಸ್ಟ್ ಮಾಡಿದ್ರು, ಅವರ ಕಂಪ್ಯೂಟರಲ್ಲಿ ಕಾಶ್ಮೀರದಲ್ಲಿರೋ ಪಡೆಗಳ ಲೆಕ್ಕ ಇತ್ತು ಅಂತ. ಅದು ಪಾಕಿಸ್ತಾನದ ಒಂದು ಸಂಸ್ಥೆ ಪ್ರಿಂಟ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಟ್ಟಿದ್ದ ಪ್ರಕಟಣೇಲಿ ಇದ್ದ ಮಾಹಿತಿ! ಕೊನೆಗೆ ಸೇನೆಯ ಗುಪ್ತಚರ ವಿಭಾಗವೇ ಇದಕ್ಕೆ ಅಂಥಾ ಬೆಲೆ ಇಲ್ಲ ಅಂತ ಹೇಳಿ, ಸರ್ಕಾರ ಕೇಸ್ ವಾಪಸ್ ತಗೊಂಡು, 2003ರ ಜನವರೀಲಿ ಆಚೆ ಬಂದ್ರು. ಅಲ್ಲೀತನಕ ಜೈಲು. ಬ್ರಿಟನ್ನಲ್ಲೂ ಇಂಥದ್ದೇ ಒಂದಾಗಿದೆ, ಡಂಕನ್ ಕ್ಯಾಂಪ್‌ಬೆಲ್ ಅನ್ನೋ ಪತ್ರಕರ್ತ 1976ರಲ್ಲಿ ಜಿಸಿಎಚ್‌ಕ್ಯೂ ಅನ್ನೋ ಕದ್ದು ಕೇಳುವ ಸಂಸ್ಥೆ ಬಗ್ಗೆ ಬರೆದ್ರು, ಆವರೆಗೆ ಅಲ್ಲಿನ ಸಾಮಾನ್ಯ ಜನಕ್ಕೆ ಅದರ ಕೆಲಸ ಏನು ಅಂತಾನೇ ಗೊತ್ತಿರ್ಲಿಲ್ಲ. ಆಮೇಲೆ ಇನ್ನಿಬ್ಬರ ಜೊತೆ ಅವರ ಮೇಲೂ ಸೀಕ್ರೆಟ್ಸ್ ಕಾಯ್ದೆ ಹಾಕಿ 1978ರಲ್ಲಿ ವಿಚಾರಣೆ ಮಾಡಿದ್ರು, ಜೈಲಿಗೆ ಕಳಿಸೋಕೆ ಆಗ್ಲಿಲ್ಲ. ಆತ ಓದಿದ್ದು ಭೌತಶಾಸ್ತ್ರ, ಆತನ ಸರಕು ಟೆಲಿಫೋನ್ ಡೈರೆಕ್ಟರಿ, ಟೆಕ್ನಿಕಲ್ ಮ್ಯಾಗಜೀನು, ರಸ್ತೇಲಿ ನಿಂತ್ರೆ ಕಾಣೋ ಆಂಟೆನಾ. ಇದನ್ನ ಓದಿದಾಗ ನನಗೆ ನಮ್ಮೂರಿನ ಡಿಶ್ ನೆನಪಾಗಿ ನಗು ಬಂತು. ನೋಡೋದು ತಪ್ಪಲ್ಲ, ಆದ್ರೆ ಬೇಲಿ ಹತ್ರ ಹೋಗಿ ಫೋಟೋ ತೆಗಿಯೋಕೆ ಹೋಗ್ಬೇಡಿ ಮಾರಾಯ್ರೆ, ಅದು ನಿಷೇಧಿತ ಜಾಗ.

ಆಮೇಲೆ ಆರ್‌ಟಿಐ. ಹೆಡ್ ಪೋಸ್ಟ್ ಆಫೀಸಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ತಗೊಂಡು ಅರ್ಜಿ ಹಾಕಿದೆ. ನಾನು ಕೇಳಿದ್ದು ಯಾವ ಗುಟ್ಟೂ ಅಲ್ಲ, ಎಪ್ಪತ್ತರ ದಶಕದ ಒಂದು ಸುತ್ತೋಲೆ. ಬಂದ ಉತ್ತರ ಎರಡೇ ಸಾಲು, ಸೆಕ್ಷನ್ 24, ಎರಡನೇ ಅನುಸೂಚಿ, ಕೊಡಕ್ಕಾಗಲ್ಲ. 2005ರ ಮಾಹಿತಿ ಹಕ್ಕು ಕಾಯ್ದೇಲಿ ಐಬಿ, ಹೊರದೇಶದ ಗುಪ್ತಚರ ನೋಡೋ ರಾ ಇಂಥವನ್ನೆಲ್ಲ ಆಚೆ ಇಟ್ಟಿದಾರೆ, ಭ್ರಷ್ಟಾಚಾರ ಮತ್ತೆ ಮಾನವ ಹಕ್ಕು ಉಲ್ಲಂಘನೆ ಆರೋಪ ಇದ್ರೆ ಮಾತ್ರ ಕೇಳಬಹುದು, ಅದರಲ್ಲೂ ಮಾನವ ಹಕ್ಕಿನ ವಿಷಯ ಆದ್ರೆ ಕೇಂದ್ರ ಮಾಹಿತಿ ಆಯೋಗ ಒಪ್ಪಬೇಕು, 45 ದಿನ ಟೈಮು. ರಾಜ್ಯ ಸರ್ಕಾರಗಳೂ ಗೆಜೆಟ್ ಹೊರಡಿಸಿ ತಮ್ಮ ಗುಪ್ತವಾರ್ತೆಯನ್ನ ಹೀಗೇ ಆಚೆ ಇಡಬಹುದು. ಸರಿ, ಮುಂಬಾಗ್ಲು ಹಾಕಿದೆ ಅಂದ್ಮೇಲೆ ಹಿಂದಿನ ಬಾಗ್ಲು. ಅದೇ ಸುತ್ತೋಲೆ ಹೋಗಿರಬಹುದಾದ ಬೇರೆ ಇಲಾಖೆಗೆ ಅರ್ಜಿ ಹಾಕೋದು, ಆ ಇಲಾಖೆ ಎರಡನೇ ಅನುಸೂಚೀಲಿ ಇರಲ್ಲ. ಬಜೆಟ್ ಪುಸ್ತಕ ನೋಡೋದು, ಗೃಹ ಸಚಿವಾಲಯದ ಪೊಲೀಸ್ ಬೇಡಿಕೇಲಿ ಐಬಿಗೆ ಅಂತ ಒಂದು ಸಾಲು ಇರುತ್ತೆ, ರಾಗೆ ಅಂಥಾ ಸಾಲು ಇರಲ್ಲ, ಆ ಇಲ್ಲದಿರೋದೂ ಒಂದು ಸುದ್ದಿ. ಪಾರ್ಲಿಮೆಂಟಲ್ಲಿ ಕೇಳಿದ ಪ್ರಶ್ನೆಗಳು, ಕೋರ್ಟಿನ ಅಫಿಡವಿಟ್ಟು, ಸರ್ವೀಸ್ ಮ್ಯಾಟರಲ್ಲಿ ಸಿಎಟಿಗೆ (ಕೇಂದ್ರ ಸರ್ಕಾರಿ ನೌಕರರ ತಕರಾರು ಕೇಳೋ ನ್ಯಾಯಮಂಡಳಿ) ಹೋದ ಅಧಿಕಾರಿಗಳ ಕೇಸು. ಪ್ರಮೋಷನ್ ಸಿಗದ ಅಧಿಕಾರಿ ಕೋರ್ಟಿಗೆ ಹಾಕೋ ಅರ್ಜೀಲಿ ಇರೋಷ್ಟು ಮಾಹಿತಿ ಯಾವ ಸೋರ್ಸೂ ಕೊಡಲ್ಲ, ಇದು ನನ್ನ ಅನುಭವ.

ಈ ಹುಡುಕಾಟದಲ್ಲೇ ಸಿಕ್ಕಿದ್ದು ಆರ್.ಎನ್. ಕುಲಕರ್ಣಿ ಅವರ ಪಿಐಎಲ್, ಅಂದ್ರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಐಬೀಲಿ ಕೆಲಸ ಮಾಡಿ ರಿಟೈರ್ ಆಗಿ ಮೈಸೂರಲ್ಲಿದ್ರು, ಐಬಿಗೆ ಯಾವ ಕಾಯ್ದೆಯ ಆಧಾರ ಇದೆ ಅಂತ ಕರ್ನಾಟಕ ಹೈಕೋರ್ಟಲ್ಲೇ ಕೇಳಿದ್ರು. ಯೋಚನೆ ಮಾಡಿ, ಐಬಿಯ ಬೇರು 1887ರ ಒಂದು ಬ್ರಿಟಿಷ್ ಆದೇಶದಲ್ಲಿದೆ, ರಾ ಶುರುವಾಗಿದ್ದು 1968ರ ಸೆಪ್ಟೆಂಬರಲ್ಲಿ ಆರ್.ಎನ್. ಕಾವ್ ಕೈಲಿ, ಎರಡಕ್ಕೂ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ 1947ರ ಕಾಯ್ದೆ ಇದೆ, ಬ್ರಿಟನ್ನಲ್ಲಿ ದೇಶದೊಳಗಿನದ್ದು ನೋಡೋ ಎಂಐ5ಗೆ 1989ರದ್ದು, ಹೊರದೇಶದ್ದು ನೋಡೋ ಎಂಐ6ಗೆ 1994ರದ್ದು. ನಮ್ಮಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದ್ರು, ಅದು ಅಲ್ಲೇ ಬಿದ್ದೋಯ್ತು. 2022ರ ನವೆಂಬರಲ್ಲಿ ಮಾನಸಗಂಗೋತ್ರೀಲಿ ವಾಕಿಂಗ್ ಹೋಗ್ತಿದ್ದ ಕುಲಕರ್ಣಿ ಅವರಿಗೆ ಕಾರು ಗುದ್ದಿ ಕೊಂದಾಗ ನನ್ನ ಫೋನು ನಿಲ್ಲಲೇ ಇಲ್ಲ. ಐಬಿ ಮಾಜಿ ಅಧಿಕಾರಿ, ಭಯೋತ್ಪಾದನೆ ಬಗ್ಗೆ ಪುಸ್ತಕ ಬರೆದಿದಾರೆ, "ಸಾರ್ ಇದರ ಹಿಂದೆ ಯಾರಿರಬಹುದು, ಒಂದು ಬೈಟ್ ಕೊಡಿ". ನಾನು ಪೊಲೀಸರು ಹೇಳೋವರೆಗೆ ಕಾಯಿರಿ ಅಂದೆ, ಫೋನ್ ಇಟ್ರು. ಕೆಲವೇ ದಿನಕ್ಕೆ ಪೊಲೀಸರು ಹೇಳಿದ್ದು ಪಕ್ಕದ ಮನೆ ಕಟ್ಟಡದ ಜಗಳ ಅಂತ. ಅವರ ಪಿಐಎಲ್ ಬಗ್ಗೆ ಒಬ್ಬರಾದ್ರೂ ಬೈಟ್ ಕೇಳಲಿಲ್ಲ, ಅದು ಬೇಜಾರು.

ರಿಟೈರ್ ಆದವರನ್ನ ಮಾತಾಡಿಸೋದು ಒಂದು ಕಲೆನೇ. ಸಕಲೇಶಪುರದ ಕಡೆ ತೋಟ ಮಾಡ್ಕೊಂಡು ಇರೋ ಒಬ್ರು ಹಿರಿಯರಿದಾರೆ, ಯಾವ ಸಂಸ್ಥೆ ಅಂತ ಬೇಡ. ನಾನು ಹೋದಾಗ ಮೆಣಸು ಕೊಯ್ಲು ನಡೀತಿತ್ತು, ಕಣದಲ್ಲಿ ಟಾರ್ಪಲ್ ಹಾಸಿ ಮೆಣಸು ಹರಡ್ತಿದ್ರು. ಅವರೂ ಕೂತು ಕಡ್ಡಿ ಆರಿಸ್ತಾ ಇದ್ರು.

"ಸಾರ್, ಆ ವರ್ಷ ನೀವು ಅಲ್ಲೇ ಇದ್ರಂತೆ..."

"ಅಂತೆ ಅಂತ ಯಾರಂದ್ರು?"

"ಹೀಗೇ, ಕೇಳ್ದೆ."

"ಕಾಫಿ ಕುಡಿ. ಈ ಸಲ ಆನೆ ಮೂರ್ ಸಲ ಬಂದೋಯ್ತು, ಬಾಳೆ ಒಂದೂ ಬಿಟ್ಟಿಲ್ಲ."

ಆನೆ ಮೇಲೇ ಅರ್ಧ ಗಂಟೆ ಹೋಯ್ತು. ಅವರು ಮಾತಾಡದೆ ಇರೋದಕ್ಕೆ ಕಾರಣ ಇದೆ, 2021ರ ಮೇ ಕೊನೇಲಿ ಪೆನ್ಷನ್ ನಿಯಮ ತಿದ್ದುಪಡಿ ಮಾಡಿದ್ರು, ಇಂಥ ಸಂಸ್ಥೆಗಳಿಂದ ರಿಟೈರ್ ಆದವರು ಸಂಸ್ಥೆ ವಿಷಯಕ್ಕೆ ಸಂಬಂಧಪಟ್ಟದ್ದು ಏನೇ ಪ್ರಕಟಿಸಬೇಕಾದ್ರೂ ಮುಖ್ಯಸ್ಥರ ಅನುಮತಿ ಬೇಕು, ಇಲ್ಲಾಂದ್ರೆ ಪೆನ್ಷನ್ನಿಗೇ ಕುತ್ತು. 2007ರಲ್ಲಿ ರಾ ಬಗ್ಗೆ ಪುಸ್ತಕ ಬರೆದ ಮೇಜರ್ ಜನರಲ್ ವಿ.ಕೆ. ಸಿಂಗ್ ಮೇಲೆ (ಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್ ಅಲ್ಲ, ಇವ್ರು ಬೇರೆ) ಸಿಬಿಐ ಕೇಸೇ ಹಾಕ್ತು. ಹೊರಡೋ ಹೊತ್ತಿಗೆ ಆ ಹಿರಿಯರೇ ಕರೆದು ಹೇಳಿದ್ರು, "ಏನಾಯ್ತು ಅಂತ ನನ್ನ ಕೇಳಬ್ಯಾಡ ಕಣಪ್ಪ, ಹೇಳಲ್ಲ. ಫೈಲ್ ಹೆಂಗೆ ಓಡಾಡುತ್ತೆ ಅಂತ ಕೇಳು, ಅದು ತಾಲೂಕ್ ಆಫೀಸಲ್ಲಾದ್ರೂ ಒಂದೇ, ದೆಹಲೀಲಾದ್ರೂ ಒಂದೇ." ಆಮೇಲೆ ಪೆನ್ ಇಸ್ಕೊಂಡು ನನ್ನ ಪುಸ್ತಕದ ಹಿಂದೆ ಎ ಬಿ ಸಿ ಡಿ ಇ ಎಫ್, ಕೆಳಗೆ 1ರಿಂದ 6 ಬರೆದ್ರು. ಇದು ಹೊಸದೇನಲ್ಲ, ಲೋಕದ ಎಷ್ಟೋ ಕಡೆ ಗುಪ್ತಚರರು ಬಳಸೋ ಪದ್ಧತಿ, ಪುಸ್ತಕಗಳಲ್ಲೇ ಇದೆ. ಅಕ್ಷರ ಹೇಳಿದವನ ನಂಬಿಕೆಗೆ, ಅಂಕಿ ಹೇಳಿದ ವಿಷಯದ ನಂಬಿಕೆಗೆ, ಎ ಅಂದ್ರೆ ಯಾವಾಗ್ಲೂ ಸರಿಯಾಗಿ ಹೇಳೋನು, ಎಫ್ ಅಂದ್ರೆ ಅಳೆಯೋಕೆ ಆಗಲ್ಲ, 1 ಅಂದ್ರೆ ಬೇರೆ ಕಡೆಯಿಂದ್ಲೂ ಖಾತ್ರಿ ಆಗಿದ್ದು, 6 ಅಂದ್ರೆ ಹೇಳೋಕಾಗಲ್ಲ. ಎರಡನ್ನೂ ಬೇರೆ ಬೇರೆ ಇಡಬೇಕು, ಒಳ್ಳೇ ಮನುಷ್ಯ ತಪ್ಪು ಸುದ್ದಿ ತರಬಹುದು, ಕಳ್ಳನೂ ನಿಜ ಹೇಳಬಹುದು. "ನೀವು ಪೇಪರ್ನೋರು ಎರಡನ್ನೂ ಕಲಸ್ತೀರಿ, ದೊಡ್ಡ ಸಾಹೇಬ್ರು ಹೇಳಿದ್ರು ಅಂದ್ರೆ ಸಾಕು, ನಿಜ ಅಂತ ಹಾಕ್ತೀರಿ" ಅಂದ್ರು. ಅವತ್ತಿಂದ ನನ್ನ ನಾಲ್ಕು ಕಾಲಂ ಪಕ್ಕ ಐದನೇದು ಬಂತು, ಅದರಲ್ಲಿ ಸಿ3, ಬಿ6, ಹೀಗೆ. ಆಮೇಲೆ ನಾನೇ ಇನ್ನೊಂದು ಸೇರಿಸ್ದೆ, ಇದನ್ನ ಈಗ ನನಗೆ ಯಾಕೆ ಹೇಳ್ತಿದಾನೆ? ಈ ಬೀಟಲ್ಲಿ ಯಾರೂ ಸುಮ್ನೆ ಫೋನ್ ಮಾಡಲ್ಲ. ಪ್ರಮೋಷನ್ ಇರುತ್ತೆ, ಎದುರಾಳಿ ಸಂಸ್ಥೆ ಇರುತ್ತೆ, ಚುನಾವಣೆ ಇರುತ್ತೆ.

ರಾತ್ರಿ ಹೊತ್ತು ಓದೋಕೆ ನನಗೆ ಸಿಕ್ಕ ನಿಧಿ ಅಂದ್ರೆ ಸಿಐಎದ ಹಳೇ ಕಡತಗಳು. ಮೊದಲು ಇವನ್ನ ನೋಡ್ಬೇಕಂದ್ರೆ ಅಮೆರಿಕದ ಮೇರಿಲ್ಯಾಂಡಲ್ಲಿರೋ ರಾಷ್ಟ್ರೀಯ ಪತ್ರಾಗಾರಕ್ಕೇ ಹೋಗಿ ಅಲ್ಲಿದ್ದ ನಾಲ್ಕು ಕಂಪ್ಯೂಟರಲ್ಲಿ ಒಂದರ ಮುಂದೆ ಕೂರಬೇಕಿತ್ತು, 2017ರ ಜನವರೀಲಿ ಸುಮಾರು 9.3 ಲಕ್ಷ ದಾಖಲೆ, 1.2 ಕೋಟಿ ಪುಟ ಆನ್‌ಲೈನ್ ಬಿಟ್ರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಹಾಸನದ ಮನೇಲಿ ಕೂತು ಇದನ್ನ ಓದಬಹುದು ಅಂತ ಯಾರು ಅಂದ್ಕೊಂಡಿದ್ರು. ಅರ್ಧಕ್ಕರ್ಧ ಬೋರು, ಗೋಧಿ ಬೆಳೆ ಎಷ್ಟಾಯ್ತು, ಯಾವ ಮಂತ್ರಿ ಯಾರ ಗುಂಪು, ಕೆಲವು ಕಡೆ ನಮ್ಮ ಪೇಪರುಗಳಲ್ಲಿ ಬಂದಿದ್ದನ್ನೇ ಅನುವಾದ ಮಾಡಿ ಇಟ್ಕೊಂಡಿದಾರೆ. ಅಲ್ಲೂ ಅದೇ ಗಾಣ ನೋಡಿ!

ನಂದಾದೇವಿ ಕಥೆ ಮಾತ್ರ ಎಷ್ಟು ಸಲ ಓದಿದ್ರೂ ರೋಚಕ. 1964ರಲ್ಲಿ ಚೀನಾ ಅಣು ಪರೀಕ್ಷೆ ಮಾಡಿದ್ಮೇಲೆ, ಮಾರನೇ ವರ್ಷ ಸಿಐಎ ಮತ್ತೆ ನಮ್ಮ ಐಬಿ ಸೇರಿ ಎಂ.ಎಸ್. ಕೋಹ್ಲಿ ನೇತೃತ್ವದ ಪರ್ವತಾರೋಹಿಗಳ ಕೈಲಿ ಪ್ಲುಟೋನಿಯಂ ಶಕ್ತಿಯ ಯಂತ್ರವನ್ನ ನಂದಾದೇವಿ ಮೇಲೆ ಹೊರಿಸಿದ್ರು, ಚೀನಾದ ಪರೀಕ್ಷೆ ಮೇಲೆ ಕಣ್ಣಿಡೋಕೆ. ಹವಾಮಾನ ಕೆಟ್ಟು ಅಲ್ಲೇ ಬಂಡೆ ಸಂದೀಲಿ ಕಟ್ಟಿಟ್ಟು ಇಳಿದ್ರು, ಮುಂದಿನ ವರ್ಷ ಹೋದ್ರೆ ಯಂತ್ರ ಇಲ್ಲ. ಗಂಗೆಗೆ ನೀರು ಹರಿದು ಸೇರೋ ಜಾಗ ಅದು! ಇದು ಹೊರಗೆ ಬಂದಿದ್ದು 1978ರಲ್ಲಿ, ಅಮೆರಿಕದ ಒಂದು ಪತ್ರಿಕೇಲಿ ಹವರ್ಡ್ ಕೋನ್ ಬರೆದಾಗ, ಪ್ರಧಾನಿ ಮೊರಾರ್ಜಿ ದೇಸಾಯಿ ಆ ಏಪ್ರಿಲ್ ತಿಂಗಳಲ್ಲೇ ಲೋಕಸಭೇಲಿ ಎದ್ದು ನಿಂತು ಹೌದು ಅಂತ ಒಪ್ಕೊಂಡ್ರು. ಆ ಚರ್ಚೆಯ ಪುಟಗಳು ಸಂಸತ್ತಿನ ಡಿಜಿಟಲ್ ಲೈಬ್ರರೀಲಿವೆ, ಫ್ರೀ. ಒಬ್ಬ ಪತ್ರಕರ್ತನ ಬರಹಕ್ಕೆ ಪ್ರಧಾನಿ ಸದನದಲ್ಲಿ ಉತ್ತರ ಕೊಟ್ಟಿದ್ದು ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ.

ಅದೇ ಮೊರಾರ್ಜಿ ಅವರದ್ದೇ ಇನ್ನೊಂದು ಕಥೆ ಇದೆ, ಇದು ಈ ವೃತ್ತಿಯ ಕಷ್ಟ ಏನು ಅನ್ನೋಕೆ. ಅಮೆರಿಕದ ಪತ್ರಕರ್ತ ಸೀಮೋರ್ ಹರ್ಶ್ ಅಂದ್ರೆ ಈ ಬೀಟಿನ ದೊಡ್ಡ ಹೆಸರು, 1974ರ ಡಿಸೆಂಬರಲ್ಲಿ ಸಿಐಎ ಅಮೆರಿಕನ್ನರ ಮೇಲೇ ಕಣ್ಣಿಟ್ಟಿದೆ ಅಂತ ನ್ಯೂಯಾರ್ಕ್ ಟೈಮ್ಸಲ್ಲಿ ಬರೆದು, ಅದರಿಂದ ಮುಂದಿನ ವರ್ಷ ಸೆನೆಟ್ಟಿನ ಚರ್ಚ್ ಸಮಿತಿ ತನಿಖೆವರೆಗೆ ಹೋಯ್ತು. ಅದೇ ಹರ್ಶ್ 1983ರ ತಮ್ಮ ಪುಸ್ತಕದಲ್ಲಿ ಮೊರಾರ್ಜಿ ಸಿಐಎಗೆ ಹಣ ತಗೊಂಡು ಮಾಹಿತಿ ಕೊಡ್ತಿದ್ರು ಅಂತ ಬರೆದುಬಿಟ್ರು. ಮೊರಾರ್ಜಿ ಅಮೆರಿಕದಲ್ಲಿ ಮಾನನಷ್ಟ ಕೇಸ್ ಹಾಕಿದ್ರು, ಷಿಕಾಗೋದಲ್ಲಿ ವಿಚಾರಣೆ, ತೊಂಬತ್ತು ದಾಟಿದ ಮೊರಾರ್ಜಿಗೆ ಹೋಗೋಕಾಗಲಿಲ್ಲ, 1989ರಲ್ಲಿ ಜ್ಯೂರಿ ಹರ್ಶ್ ಪರ ತೀರ್ಪು ಕೊಡ್ತು. ಹಾಗಂತ ಆರೋಪ ನಿಜ ಅಂತ ಸಾಬೀತಾಯ್ತಾ? ಇಲ್ಲ. ಅಲ್ಲಿನ ಕಾನೂನಲ್ಲಿ ಸಾರ್ವಜನಿಕ ವ್ಯಕ್ತಿ ಗೆಲ್ಬೇಕಂದ್ರೆ ಪತ್ರಕರ್ತ ಬೇಕಂತ್ಲೇ ಸುಳ್ಳು ಬರೆದ ಅಥವಾ ನಿಜವೋ ಸುಳ್ಳೋ ಅಂತ ಕೇರೇ ಮಾಡ್ಲಿಲ್ಲ ಅಂತ ತೋರಿಸ್ಬೇಕು. ಸೋರ್ಸ್ ಹೆಸರು ಹರ್ಶ್ ಹೇಳಲಿಲ್ಲ. ನನ್ನ ನೋಟ್‌ಬುಕ್ಕಲ್ಲಿ ಈ ಆರೋಪದ ಮುಂದೆ ಇವತ್ತಿಗೂ ಎಫ್6 ಅಂತಲೇ ಇದೆ, 1974ರ ಲೇಖನದ ಮುಂದೆ ಎ1. ಬರೆದ ಕೈ ಒಂದೇ.

ಇರಾಕ್ ಯುದ್ಧಕ್ಕೂ ಮುಂಚಿನ ಒಂದು ಪ್ರಸಂಗ ನನಗೆ ಇದಕ್ಕಿಂತ ಇಷ್ಟ. 2002ರ ಅಕ್ಟೋಬರಲ್ಲಿ ಇಟಲಿಯ ಪತ್ರಕರ್ತೆ ಎಲಿಸಬೆಟ್ಟಾ ಬುರ್ಬಾ ಕೈಗೆ ಕಾಗದ ಸಿಕ್ಕಿದ್ವು, ನೈಜರ್ ದೇಶದಿಂದ ಸದ್ದಾಂ ಯುರೇನಿಯಂ ತರಿಸ್ತಿದಾನೆ ಅಂತ. ಎಂಥಾ ಎಕ್ಸ್‌ಕ್ಲೂಸಿವ್! ಆಕೆ ನೈಜರಿಗೇ ಹೋಗಿ ವಿಚಾರಿಸಿ, ಇದು ಕೂಡ್ತಾ ಇಲ್ಲ ಅಂತ ಸುದ್ದಿ ಮಾಡಲಿಲ್ಲ. ಆ ಕಾಗದದ ಕಾಪಿ ಮಾತ್ರ ರೋಮಿನ ಅಮೆರಿಕ ರಾಯಭಾರ ಕಚೇರಿಗೆ ಹೋಗಿತ್ತು. 2003ರ ಮಾರ್ಚಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇವು ಫೋರ್ಜರಿ ಅಂತ ಹೇಳೋ ಹೊತ್ತಿಗೆ ಯುದ್ಧಕ್ಕೆ ಎಲ್ಲ ರೆಡಿ ಆಗಿತ್ತು. ಪ್ರಿಂಟ್ ಮಾಡದೆ ಇದ್ದ ಸುದ್ದಿಗೆ ಪ್ರಶಸ್ತಿ ಕೊಡೋ ಪದ್ಧತಿ ಇದ್ದಿದ್ರೆ ಆ ವರ್ಷ ಈಕೆಗೇ ಕೊಡಬೇಕಿತ್ತು.

ದುಡ್ಡಿನ ವಿಷಯ ಹೇಳದೆ ಇದ್ರೆ ಪೂರ್ತಿ ಆಗಲ್ಲ. ಕನ್ನಡದಲ್ಲಿ ಇದೊಂದನ್ನೇ ನಂಬ್ಕೊಂಡು ಸಂಸಾರ ಸಾಗಲ್ಲ. ನಾನು ಬೆಳಗ್ಗೆ ಜಿಲ್ಲಾ ಪಂಚಾಯ್ತಿ ಕೆಡಿಪಿ ಮೀಟಿಂಗು, ಆಲೂಗಡ್ಡೆ ರೇಟು, ಆನೆ ದಾಳಿ ಬರೀತೀನಿ, ಇದು ಆಮೇಲೆ. ಪುರವಣಿಗೆ ಬರೆದ್ರೆ ಕೊಡೋ ಸಂಭಾವನೆ ಬೆಂಗಳೂರಿಗೆ ಹೋಗಿ ಬರೋ ಬಸ್ ಚಾರ್ಜು, ಜೆರಾಕ್ಸು, ಊಟಕ್ಕೆ ಸರಿ ಹೋಗುತ್ತೆ. ಯೂಟ್ಯೂಬ್ ಚಾನೆಲ್ಲಿನವರು ಚೆನ್ನಾಗಿ ಕೊಡ್ತೀವಿ ಅಂತಾರೆ, ಒಬ್ರು ಬಂದು ಇಸ್ರೋ ಕೇಸ್ ಸ್ಕ್ರಿಪ್ಟ್ ಓದಿ "ಸಾರ್ ಚೆನ್ನಾಗಿದೆ, ಆದ್ರೆ ವಿಲನ್ ಯಾರು? ಸಿಐಎ ಅಂತ ಹಾಕ್ಬಿಡೋಣ್ವಾ, ಥಂಬ್‌ನೇಲ್‌ಗೆ ಚೆನ್ನಾಗಿರುತ್ತೆ" ಅಂದ್ರು. ಹಂಗಂತ ಹೇಳೋರು ಇದಾರೆ, ಸಾಕ್ಷಿ ನನ್ನ ಹತ್ರ ಇಲ್ಲ ಅಂದೆ. "ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಆಯ್ತಲ್ವಾ ಸಾರ್" ಅಂದ್ರು. ಆ ಹುಡುಗ ಒಳ್ಳೇವ್ನೇ, ಅವನ ಹೊಟ್ಟೆಪಾಡು ಅವನದ್ದು. ಅಲ್ಲಿಗೆ ಆ ಪ್ರಾಜೆಕ್ಟ್ ಮುಗೀತು.

ಈಗ ಎರಡು ಕೆಲಸ ಕೈಲಿದೆ. ಒಂದು, ಕಾರ್ಗಿಲ್ ಯುದ್ಧ ಆದ್ಮೇಲೆ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಮಾಡಿದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ, 2000ದಲ್ಲಿ ಸಂಸತ್ತಿಗೆ ಬಂದಿದ್ದು, ಅದರಲ್ಲಿ ಭದ್ರತೆ ಕಾರಣಕ್ಕೆ ಕೆಲವು ಭಾಗ ತೆಗೆದಿದಾರಲ್ಲ, ಆ ತೆಗೆದ ಜಾಗದ ಹಿಂದೆ ಮುಂದೆ ಏನಿದೆ ಅಂತ ಓದ್ಕೊಂಡು ಗುಪ್ತಚರ ಲೋಪದ ಬಗ್ಗೆ ಕನ್ನಡದಲ್ಲಿ ಒಂದು ಸರಣಿ. ಇನ್ನೊಂದು, 1994-95ರಲ್ಲಿ ಇಸ್ರೋ ಕೇಸ್ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬಂದಿದ್ದೆಲ್ಲ ಒಂದು ಕಡೆ ಸೇರಿಸೋದು, ದಿನಪತ್ರಿಕೆ ಸ್ವಲ್ಪ ಸಿಕ್ಕಿದೆ, ವಾರಪತ್ರಿಕೆ ಮತ್ತೆ ಆಗಿನ ಟ್ಯಾಬ್ಲಾಯ್ಡ್‌ಗಳು ಯಾವ ಲೈಬ್ರರೀಲೂ ಪೂರ್ತಿ ಇಲ್ಲ. ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆ ಅಟ್ಟದ ಮೇಲಾದ್ರೂ ಆ ಕಾಲದ ಕಟ್ಟು ಇದ್ರೆ ದಯವಿಟ್ಟು ರದ್ದಿಗೆ ಹಾಕೋ ಮುಂಚೆ ಒಂದು ಮಾತು ತಿಳಿಸಿ, ನಾನೇ ಬಂದು ತಗೊಂಡೋಗಿ ಸ್ಕ್ಯಾನ್ ಮಾಡಿಸ್ಕೊಂಡು ವಾಪಸ್ ತಂದ್ಕೊಡ್ತೀನಿ, ಗೆದ್ದಲು ಹಿಡಿದಿದ್ರೂ ಪರ್ವಾಗಿಲ್ಲ.